ಮೊದಲು ಅಪ್ಪನ ಕೈಯಿಂದ ವಾಚ್ ಬಿಚ್ಚಿಸು

ಬರ್ಮಿಂಗ್‌ಹ್ಯಾಮ್
ಭಾನುವಾರ ಮಧ್ಯಾಹ್ನ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಗುರುವಾರ ಸಿಕ್ಕಿತು. ಪುಟ್ಟನ ಪರೀಕ್ಷೆ, ದೊಡ್ಡಮ್ಮನ ಮಂಡಿನೋವು ಎಲ್ಲ ಓದಿದೆ, ಅದಕ್ಕೆ ಇನ್ನೊಂದು ಸಲ ಬರೆಯುತ್ತೇನೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, ನಾನು ಕಳಿಸಿದ ವಾಚಿನ ಚರ್ಮದ ಬೆಲ್ಟ್ ಉಜ್ಜಿ ಅಪ್ಪನ ಮಣಿಕಟ್ಟು ಗಾಯವಾಗಿದೆ, ಹತ್ತು ದಿನವಾದರೂ ಒಣಗಿಲ್ಲ ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಫೋನಿನಲ್ಲಿ ಕೇಳಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ‘ಏನೂ ಇಲ್ಲ ಕಣೇ, ನಿಮ್ಮಮ್ಮ ಸುಮ್ನೆ ಗಾಬರಿ ಮಾಡ್ತಾಳೆ’ ಅಂತ ಮಾತು ಮುಗಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಾಚ್ ಬಿಚ್ಚಿಸು. ಈಗಲೇ, ಕಾಗದ ಕೆಳಗಿಟ್ಟು. ಸಕ್ಕರೆ ಕಾಯಿಲೆ ಇರುವವರಿಗೆ ಇಷ್ಟು ಚಿಕ್ಕ ಗಾಯವೂ ಬೇಗ ಮಾಯುವುದಿಲ್ಲ. ಕೆಲವರಿಗೆ ನೋವೂ ಸರಿಯಾಗಿ ಗೊತ್ತಾಗುವುದಿಲ್ಲ. ವಾರ್ಡಿನಲ್ಲಿ ನಾನು ದಿನಾ ನೋಡುವುದು ಇದನ್ನೇ. ಅರಿಶಿನ ಹಚ್ಚಿದ್ದೇನೆ ಅಂದಿದ್ದೀಯ, ಇನ್ನು ಬೇಡ. ಸ್ವಚ್ಛ ನೀರಲ್ಲಿ ತೊಳೆದು, ಒರೆಸಿ, ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸು. ಹಾಗೇ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ ಬಾ. ಹೆದರುವಂಥದ್ದೇನೂ ಇಲ್ಲ. ಕೈ ತಾನೇ, ಕಾಲಲ್ಲ. ಬೇಗ ತೋರಿಸಿದರೆ ಬೇಗ ವಾಸಿಯಾಗುತ್ತದೆ.

ಅಪ್ಪ ಯಾಕೆ ಬಿಚ್ಚುತ್ತಿಲ್ಲ ಅಂತ ನನಗೆ ಗೊತ್ತು. ಮಗಳು ಕಳಿಸಿದ್ದು ಅಂತ. ಅದೂ ಆ ಎಚ್‌ಎಂಟಿ ಜನತಾ ವಾಚಿಗೆ ಅಂತ. ತುಮಕೂರು ಕಾರ್ಖಾನೆಯಲ್ಲಿ ಅಷ್ಟು ವರ್ಷ ಕೂತು ವಾಚ್ ಜೋಡಿಸಿದ ಮನುಷ್ಯ. 2016ರಲ್ಲಿ ವಾಚ್ ಕಂಪನಿ ಮುಚ್ಚುತ್ತಾರೆ ಅಂತ ಸುದ್ದಿ ಬಂದ ದಿನ ರಾತ್ರಿ ಊಟ ಮಾಡಲಿಲ್ಲ, ನೆನಪಿದೆಯಾ? ಮಾರನೇ ದಿನ ಎಂದಿನಂತೆ ಆರು ಗಂಟೆಗೆ ಎದ್ದು ಕೀ ಕೊಟ್ಟರು. ಆ ವಾಚಿಗೆ ಒಳ್ಳೆಯ ಬೆಲ್ಟ್ ಹಾಕಿಸಬೇಕು ಅಂತ ನನಗೆ ಎಷ್ಟು ದಿನದಿಂದ ಆಸೆ ಇತ್ತು ಗೊತ್ತಾ.

ಅಪ್ಪನಿಗೆ ಇದನ್ನು ಓದಿ ಹೇಳು. ಇಲ್ಲಿ ಆಸ್ಪತ್ರೆಯಲ್ಲಿ ನಾವು ಯಾರೂ ಕೈಗೆ ವಾಚ್ ಕಟ್ಟುವಂತಿಲ್ಲ. ಮೊಣಕೈಯಿಂದ ಕೆಳಗೆ ಏನೂ ಇರಬಾರದು. ವಾಚ್ ಇಲ್ಲ, ಬಳೆ ಇಲ್ಲ. ಕೈ ಸರಿಯಾಗಿ ತೊಳೆಯಬೇಕಲ್ಲ, ಅದಕ್ಕೆ. ನಮ್ಮ ವಾಚ್ ಎದೆಯ ಮೇಲೆ ಪಿನ್ ಹಾಕಿ ನೇತುಹಾಕಿರುತ್ತದೆ, ತಲೆಕೆಳಗಾಗಿ. ಎದುರಿಗಿದ್ದವರಿಗೆ ಉಲ್ಟಾ, ನಾವು ಬಗ್ಗಿ ನೋಡಿದರೆ ನೆಟ್ಟಗೆ. ಅಪ್ಪನಿಗೆ ಇದು ಇಷ್ಟವಾಗುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಅವರೂ ವಾಚನ್ನು ಶರ್ಟಿನ ಜೇಬಿನಲ್ಲಿ ಇಟ್ಟುಕೊಳ್ಳಲಿ. ಬೆಳಿಗ್ಗೆ ಕೀ ಕೊಡುವುದು ಹೇಗೂ ತಪ್ಪುವುದಿಲ್ಲ.

ಇನ್ನು ಬೆಲ್ಟ್ ವಿಷಯ. ಅದು ಕೆಟ್ಟ ಮಾಲಲ್ಲ ಅಮ್ಮ, ದಯವಿಟ್ಟು ಎಸೆಯಬೇಡ. ವಾಲ್ಸಾಲ್ ಅಂತ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಕುದುರೆ ಜೀನು, ಲಗಾಮು ಮಾಡುವುದಕ್ಕೇ ಹೆಸರಾದ ಊರು. ಊರಿನ ಫುಟ್‌ಬಾಲ್ ತಂಡವನ್ನೂ ಜನ ಜೀನುಗಾರರು ಅಂತಲೇ ಕರೆಯುತ್ತಾರೆ! ಅಲ್ಲಿ ಒಬ್ಬ ವಯಸ್ಸಾದವರು ನನ್ನ ಮುಂದೆಯೇ ಲಗಾಮಿನ ಚರ್ಮ ಕತ್ತರಿಸಿ ಕೈಯಲ್ಲಿ ಹೊಲಿದು ಕೊಟ್ಟರು. ಮರದ ತೊಗಟೆಯಲ್ಲಿ ಹದ ಮಾಡಿದ್ದು, ನಮ್ಮ ಕಡೆ ತಂಗಡಿ ತೊಗಟೆಯಲ್ಲಿ ಮಾಡುತ್ತಿದ್ದರಲ್ಲ, ಹಾಗೆ. ಆಮೇಲೆ ಮೇಣ, ಕೊಬ್ಬು ಎಲ್ಲ ಕುಡಿಸುತ್ತಾರೆ. ಅದಕ್ಕೇ ಹೊಸದರಲ್ಲಿ ಹಲಗೆ ಥರ ಇರುತ್ತದೆ. ನೀನು ಬೂಷ್ಟು ಬಂದಿದೆ ಅಂದ ಬಿಳಿ ಪುಡಿ ಬೂಷ್ಟಲ್ಲ, ಒಳಗಿನ ಮೇಣ ಮೇಲೆ ಬಂದಿರುವುದು. ಒಣ ಬಟ್ಟೆಯಲ್ಲಿ ಉಜ್ಜಿದರೆ ಹೋಗಿ ಹೊಳಪು ಬರುತ್ತದೆ.

ಅಜ್ಜ ಹೊಸ ಮೆಟ್ಟನ್ನು ಹರಳೆಣ್ಣೆಯಲ್ಲಿ ನೆನೆಹಾಕುತ್ತಿದ್ದ ಹಾಗೆ ಇದನ್ನೂ ಹಾಕಲಾ ಅಂತ ಕೇಳಿದ್ದೀಯ. ಬೇಡ. ಮೆಟ್ಟು ದಪ್ಪ, ಎಣ್ಣೆ ಕುಡಿದು ತಡೆಯುತ್ತದೆ. ಇದು ಎರಡು ಪದರ ಅಂಟಿಸಿ ಹೊಲಿದಿರುವುದು, ಜಾಸ್ತಿ ಎಣ್ಣೆಯಾದರೆ ಅಂಟು ಬಿಡುತ್ತದೆ, ಬೆಲ್ಟ್ ಜೋಲುಬೀಳುತ್ತದೆ. ಆ ಎಣ್ಣೆಯೆಲ್ಲ ಅಪ್ಪನ ಚರ್ಮಕ್ಕೂ ತಾಗುತ್ತದೆ. ನೀರಲ್ಲೂ ನೆನೆಸಬೇಡ. ತಾರಸಿ ಮೇಲೆ ಬಿಸಿಲಿಗೂ ಇಡಬೇಡ, ಒಣಗಿ ಸೀಳು ಬಿಡುತ್ತದೆ.

ಹೊಲಿದುಕೊಟ್ಟವರು ಹೇಳಿದ್ದು ಇಷ್ಟೇ, ಕೈಯ ಬಿಸಿ ಬೇಕು, ಅವಸರ ಬೇಡ. ನಾನೇ ಇದನ್ನು ಮೊದಲೇ ಬರೆದು ಕಳಿಸಬೇಕಿತ್ತು. ವಾಚಿನಿಂದ ಎರಡೂ ತುಂಡು ಬಿಚ್ಚಿಕೊಳ್ಳಲಿ, ಪಿನ್ನು ತೆಗೆಯುವುದು ಅಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಜೆ ವಾರ್ತೆ ನೋಡುವಾಗ ಒಂದೊಂದನ್ನೇ ಬೆರಳಲ್ಲಿ ಹಿಡಿದು ನಿಧಾನವಾಗಿ ಬಾಗಿಸುತ್ತಿರಲಿ. ನುಣುಪಾದ ಮೈ ಯಾವಾಗಲೂ ಹೊರಗೇ ಇರಬೇಕು, ಕೈಗೆ ಕಟ್ಟಿದರೆ ಹೇಗೆ ಬಾಗುತ್ತದೋ ಹಾಗೆ. ಉಲ್ಟಾ ಮಡಿಸಿದರೆ ಮೇಲೆ ಗೆರೆ ಬೀಳುತ್ತದೆ. ವಾಚಿಗೆ ಸೇರುವ ತುದಿ ಎಲ್ಲಕ್ಕಿಂತ ಬಿರುಸು, ಅಲ್ಲಿ ಸ್ವಲ್ಪ ಸ್ವಲ್ಪವೇ. ರಾತ್ರಿ ಮಲಗುವಾಗ ಸಣ್ಣ ಸ್ಟೀಲ್ ಲೋಟಕ್ಕೆ ಸುತ್ತಿ, ಹಳೆ ಸೀರೆಯ ಅಂಚಿನಲ್ಲಿ ಕಟ್ಟಿಡು. ಹತ್ತು ರಾತ್ರಿ ಹಾಗೆ ಮಾಡಿದರೆ ಮಣಿಕಟ್ಟಿನ ಆಕಾರ ಬರುತ್ತದೆ.

ಗಾಯ ಮಾಡಿದ್ದು ಬೆಲ್ಟಿನ ಅಂಚು ಅಂತ ನನಗನ್ನಿಸುತ್ತದೆ. ಉಗುರಲ್ಲಿ ಸವರಿ ನೋಡು, ಒಳಗಿನ ಮೂಲೆ ಚೂಪಾಗಿರುತ್ತದೆ. ಅಪ್ಪನ ಸಾಮಾನಿನ ಡಬ್ಬಿಯಲ್ಲಿ ಜೀರೋ ನಂಬರ್ ಎಮರಿ ಪೇಪರ್ ಇದೆ. ಅದರಲ್ಲಿ ನಯವಾಗಿ ತೀಡಿ ಆ ಮೂಲೆ ಉರುಟು ಮಾಡಲಿ. ಆಮೇಲೆ ಜೇನುಮೇಣ ಸವರಿ, ಬಟ್ಟೆಯಲ್ಲಿ ಬಿಸಿಯಾಗುವ ಹಾಗೆ ಉಜ್ಜಿದರೆ ಗಾಜಿನ ಥರ ನುಣ್ಣಗಾಗುತ್ತದೆ. ಗಾಯ ಪೂರ್ತಿ ಮಾಯ್ದು, ಡಾಕ್ಟರು ಆಗಲಿ ಅಂದ ಮೇಲೆ ಎಡಗೈ ಬಿಟ್ಟು ಬಲಗೈಗೆ, ಒಂದು ತೂತು ಸಡಿಲ, ಮನೆಯಲ್ಲೇ ದಿನಕ್ಕೆ ಒಂದು ಗಂಟೆ. ಬಿಚ್ಚಿದಾಗೆಲ್ಲ ಚರ್ಮ ಕೆಂಪಾಗಿದೆಯಾ ಅಂತ ನೀನೇ ನೋಡು. ಅವರ ಮಾತು ನಂಬಬೇಡ.

ನನ್ನ ಬಗ್ಗೆ ಯೋಚನೆ ಬೇಡ. ಚಳಿ ಇದೆ, ನಾಲ್ಕು ಗಂಟೆಗೆಲ್ಲ ಕತ್ತಲು, ಆದರೆ ಮನೆಯೊಳಗೆ ಬೆಚ್ಚಗಿರುತ್ತದೆ. ಅನ್ನ, ಸಾರು ಮಾಡಿಕೊಂಡು ಸರಿಯಾಗಿ ಊಟ ಮಾಡುತ್ತಿದ್ದೇನೆ, ನಿದ್ದೆಯೂ ಸರಿ, ದುಡ್ಡಿಗೂ ತೊಂದರೆ ಇಲ್ಲ. ಡಾಕ್ಟರ ಫೀಸು, ಪರೀಕ್ಷೆಯ ಖರ್ಚು ಎಲ್ಲ ನಾನು ಕಳಿಸುತ್ತೇನೆ. ಅಪ್ಪನಿಗೆ ಏನೂ ಆಗುವುದಿಲ್ಲ, ನೀನು ಅಳಬೇಡ. ನಾನೂ ಅಳುತ್ತಿಲ್ಲ.

ತೋರಿಸಿ ಬಂದ ತಕ್ಷಣ ಗಾಯದ ಫೋಟೋ ಕಳಿಸು, ಹಗಲು ಬೆಳಕಿನಲ್ಲಿ ತೆಗೆದು. ರಾತ್ರಿ ಪಾಳಿ ಇದೆ, ಬಸ್ಸಿಗೆ ಹೊತ್ತಾಯಿತು.

ನಿನ್ನ
ಪುಟ್ಟಿ

ಬಲಗೈ ಅಂತ ಬರೆದೆ, ಅದೂ ಅವಸರವಿಲ್ಲ. ಮೊದಲು ಡಾಕ್ಟರು.