ಅಜ್ಜಿಯ ಹಾಡು ತಿದ್ದಬೇಡ

ಚಿ. ಸೌ. ಪುಟ್ಟಿಗೆ, ಕುಂದಾಪುರದಿಂದ ಮಾವನ ಆಶೀರ್ವಾದಗಳು.

ನಿನ್ನ ನೋಟ್‌ಬುಕ್ಕಿನ ಫೋಟೋಗಳು ಬಂದವು. ಗಂಡನ ಅಜ್ಜಿಯ ಹತ್ತಿರ ಕೂತು ಅಷ್ಟು ಹಾಡು ಬರೆದುಕೊಂಡಿದ್ದೀಯಲ್ಲ, ಭೇಷ್. ಶನಿವಾರ ಅಲ್ಲಿನ ಮಕ್ಕಳಿಗೆ ಕಲಿಸುತ್ತೀಯಂತೆ, ಅದೂ ಖುಷಿ. ಆದರೆ ‘ಅಜ್ಜಿಯ ತಪ್ಪುಗಳನ್ನೆಲ್ಲ ತಿದ್ದಿ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ಶುದ್ಧ ಭಾಷೆಗೆ ತಂದಿದ್ದೇನೆ’ ಎಂದು ಬರೆದಿದ್ದೀಯ. ಯಾವುದು ತಪ್ಪು ಮಾರಾಯ್ತಿ?

ಅಜ್ಜಿಯ ಜನ, ಅಂದರೆ ಆಸ್ಟ್ರಿಯಾದ ಬುರ್ಗೆನ್‌ಲಾಂಡ್ ಸೀಮೆಯ ಕ್ರೊಯೇಷಿಯನ್ನರು, ತುರ್ಕರ ದಂಡಿಗೆ ಹೆದರಿ 16ನೇ ಶತಮಾನದಲ್ಲಿ ಕ್ರೊಯೇಷಿಯಾ ಬಿಟ್ಟವರು. ನೀನು ಕಲಿತ ಪುಸ್ತಕದ ಭಾಷೆಗೆ ಒಂದು ರೂಪ ಬಂದದ್ದು ಅದಾಗಿ ಮುನ್ನೂರು ವರ್ಷದ ಮೇಲೆ, ಅದೂ ಬೇರೆ ಆಡುಮಾತಿನ ಆಧಾರದ ಮೇಲೆ. ಅಜ್ಜಿ ‘ಏನು’ ಅನ್ನಲು ‘ಚಾ’ ಅಂತಾರೆ, ನಿನ್ನ ಪುಸ್ತಕ ‘ಶ್ತೋ’ ಅನ್ನುತ್ತದೆ. ಹಾಡು ಅವರಿಗೆ ‘ಯಾಚ್ಕಾ’. ನೀನು ಅದನ್ನು ಹೊಡೆದು ‘ಪ್ಯೆಸ್ಮಾ’ ಮಾಡಿದ್ದೀಯ.

ಫ್ರಾನ್ ಕುರೆಲಾಟ್ಸ್ ಅಂತ ಒಬ್ಬ ಪಂಡಿತನಿದ್ದ. ಆ ಸೀಮೆ ಇನ್ನೂ ಹಂಗೆರಿಯಲ್ಲಿದ್ದಾಗ ಅಲ್ಲಿ ತಿರುಗಿ ಹಾಡು ಕಲೆಹಾಕಿದವನು. ಭಾಷಾಶುದ್ಧಿ ಅಂದರೆ ಪ್ರಾಣ ಬಿಡುವವನು, ನನಗಿಂತ ಜಾಸ್ತಿ! ಅಂಥವನೂ 1871ರಲ್ಲಿ ಪುಸ್ತಕ ಅಚ್ಚು ಹಾಕಿಸುವಾಗ ಹೆಸರಿಗೆ ಹಳ್ಳಿಯವರ ಆ ಮಾತನ್ನೇ ಇಟ್ಟ: ‘ಯಾಚ್ಕೆ’, ಅಂದರೆ ಹಾಡುಗಳು.

ನನ್ನ ಕಥೆ ಕೇಳು. ನಾನು ಮಾಸ್ತರಾದ ಹೊಸದರಲ್ಲಿ ಒಬ್ಬ ಹುಡುಗ ‘ಗಂಟಿ’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಹೊಡೆದು ‘ದನ’ ಎಂದು ಬರೆದೆ. ನಮ್ಮಮ್ಮ ಸಾಯುವವರೆಗೂ ಕೊಟ್ಟಿಗೆಯಲ್ಲಿ ಗಂಟಿಯನ್ನೇ ಕಟ್ಟಿದವಳು. ಅದು ಗೊತ್ತಿದ್ದೂ ಹೊಡೆದೆ. ಆ ಹುಡುಗ ಮತ್ತೆ ಮನೆಯ ಮಾತು ಬರೆಯಲೇ ಇಲ್ಲ.

ಅಜ್ಜಿ ಯುದ್ಧದ ಕಾಲದಲ್ಲಿ ಶಾಲೆಗೆ ಹೋದವರು ಅಂದೆಯಲ್ಲ. 1938ರಲ್ಲಿ ನಾಜಿಗಳು ಬಂದ ಮೇಲೆ ಅಲ್ಲಿನ ಶಾಲೆಗಳಿಂದ ಅವರ ಭಾಷೆ ಹೊರಬಿತ್ತು. ಜರ್ಮನ್ ಬರೆಯುವ ಕೈಗೆ ಮನೆಮಾತು ಬರೆಯಲು ಬಾರದಿದ್ದರೆ ಅದೇನು ಆಶ್ಚರ್ಯ? ಹಾಡೆಲ್ಲ ಬಾಯಲ್ಲೇ ಉಳಿದಿದೆ. ನೀನು ಬರೆದದ್ದನ್ನೇ ಮೊಮ್ಮಕ್ಕಳು ನಿಜ ಅಂದುಕೊಳ್ಳುತ್ತಾರೆ.

ಹಾಗಾಗಿ ಎಡಗಡೆ ಪುಟದಲ್ಲಿ ಅಜ್ಜಿ ಹಾಡಿದಂತೆಯೇ ಬರೆ. ನಡುವೆ ಜರ್ಮನ್ ಶಬ್ದ ನುಸುಳಿದರೆ ಅದೂ ಇರಲಿ. ಅರ್ಥ, ಅನುಮಾನ ಎಲ್ಲ ಬಲಗಡೆಗೆ. ಕಾಗುಣಿತ ಗೊತ್ತಾಗದಿದ್ದರೆ ಅವರದೇ ನಿಘಂಟುಗಳಿವೆ: ಜರ್ಮನ್‌ನಿಂದ ಅವರ ಭಾಷೆಗೆ 1982ರದ್ದು, ಅವರ ಭಾಷೆಯಿಂದ ಜರ್ಮನ್‌ಗೆ 1991ರದ್ದು. ಜಾಗ್ರೆಬ್ ಪುಸ್ತಕ ಕಪಾಟಿನಲ್ಲಿರಲಿ. ಹಾಡನ್ನು ಯಾವಾಗ ಹಾಡುತ್ತಿದ್ದರು, ಮದುವೆಯಲ್ಲೋ ದ್ರಾಕ್ಷಿ ತೋಟದಲ್ಲೋ, ಅದನ್ನೂ ಕೇಳು. ಮಕ್ಕಳಿಗೆ ಮೊದಲು ಹಾಡು ಬರಲಿ, ವ್ಯಾಕರಣ ಆಮೇಲೆ.

ಹೊಡೆದ ಕಡೆ ಕೆಳಗಿನ ಅಕ್ಷರ ಇನ್ನೂ ಕಾಣುತ್ತಿದೆಯಾ? ಕಾಣದಿದ್ದರೆ ಈ ಭಾನುವಾರವೇ ಹೋಗಿ ಮತ್ತೊಮ್ಮೆ ಹಾಡಿಸು. ನಿಮ್ಮತ್ತೆ ಹಲಸಿನ ಹಪ್ಪಳ ಕಳಿಸಿದ್ದಾಳೆ. ಅಜ್ಜಿಗೆ ಎರಡು ಸುಟ್ಟುಕೊಡು, ಖಾರ ಕಮ್ಮಿ ಇದೆ.

ನಿನ್ನ ಮಾವ