ಡಿವಿಡಿ ಕೆಲಸ ಕಲಿಸಿದಂಥ ಪುಸ್ತಕ ಕನ್ನಡದಲ್ಲೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಹಾವೇರಿಯಲ್ಲಿ ಚಿಕ್ಕದೊಂದು ಫೋಟೊ ಸ್ಟುಡಿಯೊ ಇಟ್ಟುಕೊಂಡು ಮದುವೆ, ಜಾತ್ರೆ, ದೊಡ್ಡಾಟಗಳ ವಿಡಿಯೊ ತೆಗೆಯುತ್ತ ಬಂದಿರುವ ನಾನು ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವನು. ಎಡಿಟ್ ಮಾಡಿದ ವಿಡಿಯೊಕ್ಕೆ ಮೆನು, ಚಾಪ್ಟರ್, ಬಟನ್‌ಗಳನ್ನು ಜೋಡಿಸಿ, ಟಿವಿಯ ಪ್ಲೇಯರ್‌ನಲ್ಲಿ ಓಡುವಂಥ ಡಿಸ್ಕ್ ಸಿದ್ಧಪಡಿಸುವ ಕೆಲಸಕ್ಕೆ ಡಿವಿಡಿ ಆಥರಿಂಗ್ ಎನ್ನುತ್ತಾರೆ. ಈ ಕೆಲಸವನ್ನು ನಾನು 2007ರಲ್ಲಿ, ಯಾವ ತರಬೇತಿ ಕೇಂದ್ರಕ್ಕೂ ಹೋಗದೆ, ಒಂದು ಇಂಗ್ಲಿಷ್ ಮಾರ್ಗದರ್ಶಿ ಪುಸ್ತಕವನ್ನು ಮುಂದಿಟ್ಟುಕೊಂಡು ಕಲಿತೆ. ಅಂಥ ಪುಸ್ತಕಗಳು ಕನ್ನಡದಲ್ಲಿ, ನಮ್ಮ ಊರಿನ ಕೆಲಸವನ್ನೇ ಉದಾಹರಣೆಯಾಗಿಟ್ಟುಕೊಂಡು ಬರಬೇಕು ಎಂಬ ಕೋರಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಬಲ್ಲವರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಪುಸ್ತಕ ಸಿಗುವ ಮೊದಲು ನನ್ನ ಕಲಿಕೆ ಚೀಟಿಯ ಮೇಲೆ ನಡೆದಿತ್ತು. ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯೊಂದರ ಹುಡುಗನನ್ನು ಕೇಳಿ, ಮೊದಲು ಇದನ್ನು ಒತ್ತಬೇಕು, ಆಮೇಲೆ ಅದನ್ನು ಒತ್ತಬೇಕು ಎಂದು ಸಾಲಾಗಿ ಬರೆದುಕೊಂಡು ಬರುತ್ತಿದ್ದೆ. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕಿಸಿದ ದಿನ ಆ ಗುಂಡಿಗಳ ಜಾಗವೇ ಬದಲಾಗಿ, ಚೀಟಿ ಕೆಲಸಕ್ಕೆ ಬಾರದಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಒಂದು ಮದುವೆಯ ಡಿಸ್ಕ್‌ನಿಂದ ಬಿತ್ತು. ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡಿದ ಆ ಡಿಸ್ಕ್, ಬೀಗರೆಲ್ಲ ಸೇರಿ ನೋಡಲು ಕುಳಿತಾಗ ಅವರ ಮನೆಯ ಪ್ಲೇಯರ್‌ನಲ್ಲಿ ಓಡಲೇ ಇಲ್ಲ. ಅವರು ನನ್ನನ್ನು ಬೈಯಲಿಲ್ಲ. ಹಿರಿಯರೊಬ್ಬರು ಡಿಸ್ಕನ್ನು ಅಂಗಡಿಗೆ ತಂದು ಮೇಜಿನ ಮೇಲಿಟ್ಟು, ‘ನೋಡ್ರಿ ಸ್ವಲ್ಪ, ಏನಾಗೇತಿ’ ಎಂದಷ್ಟೇ ಹೇಳಿದರು. ಏನಾಗಿದೆ ಎಂದು ಹೇಳಲು ನನಗೆ ತಿಳಿಯಲಿಲ್ಲ.

ಆ ತಿಂಗಳೇ ಧಾರವಾಡದಲ್ಲಿ ಹಳೆಯ ಪುಸ್ತಕ ಮಾರುವವರೊಬ್ಬರ ಬಳಿ ಅಡೋಬಿ ಎನ್‌ಕೋರ್ ಎಂಬ ಆಥರಿಂಗ್ ಸಾಫ್ಟ್‌ವೇರ್ ಕಲಿಸುವ ದಪ್ಪ ಪುಸ್ತಕವೊಂದು ಸಿಕ್ಕಿತು. ಅಭ್ಯಾಸದ ಕಡತಗಳಿದ್ದ ಡಿಸ್ಕ್ ಅದರ ಹಿಂಬದಿಯ ಲಕೋಟೆಯಲ್ಲಿ ಇರಬೇಕಾಗಿತ್ತು, ಲಕೋಟೆ ಖಾಲಿಯಾಗಿತ್ತು. ಹೀಗಾಗಿ ಪ್ರತಿ ಪಾಠವನ್ನೂ ನಾನೇ ತೆಗೆದ ವಿಡಿಯೊ ಇಟ್ಟುಕೊಂಡು ಮಾಡಬೇಕಾಯಿತು. ಅದು ಒಳ್ಳೆಯದೇ ಆಯಿತೆಂದು ಈಗ ಅನಿಸುತ್ತದೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪಾಠವನ್ನು ರಾತ್ರಿ ಎರಡು ಸಲ ಓದುವುದು, ಬೆಳಗ್ಗೆ ಅಂಗಡಿ ತೆರೆದೊಡನೆ ಅದನ್ನು ಮಾಡಿ ನೋಡುವುದು, ಮಾಡಿದ್ದನ್ನು ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ಹೀಗೆ ನಾಲ್ಕು ತಿಂಗಳು ನಡೆಯಿತು.

ನನ್ನ ಡಿಸ್ಕ್ ಏಕೆ ಓಡಲಿಲ್ಲ ಎಂಬುದಕ್ಕೆ ಮೂರನೆಯ ಪಾಠದಲ್ಲಿಯೇ ಉತ್ತರವಿತ್ತು. ನಾನು ಮಾಡಿದ್ದು ಒಂದು ವಿಡಿಯೊ ಕಡತವನ್ನು ಡಿಸ್ಕ್‌ಗೆ ನಕಲಿಸುವ ಕೆಲಸವಷ್ಟೇ. ಆದರೆ ಟಿವಿಯ ಪ್ಲೇಯರ್ ಡಿಸ್ಕ್‌ನಲ್ಲಿ ‘ವಿಡಿಯೊ ಟಿಎಸ್’ ಎಂಬ ಫೋಲ್ಡರನ್ನು ಹುಡುಕುತ್ತದೆ. ಅದರೊಳಗೆ ಚಿತ್ರ ಮತ್ತು ಧ್ವನಿ ವಿಒಬಿ ಕಡತಗಳಲ್ಲಿಯೂ, ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಸೂಚನೆ ಐಎಫ್‌ಒ ಕಡತಗಳಲ್ಲಿಯೂ ಇರಬೇಕು. ಈ ಸೂಚನೆಯ ಕಡತಕ್ಕೆ ಗೀರು ಬಿದ್ದರೆ ಇಡೀ ಡಿಸ್ಕ್ ಕೆಟ್ಟಂತೆ ಆಗುವುದರಿಂದ, ಅದರ ಇನ್ನೊಂದು ಪ್ರತಿಯನ್ನು ಬಿಯುಪಿ ಎಂಬ ಹೆಸರಿನಲ್ಲಿ ಇಟ್ಟಿರುತ್ತಾರೆ. ಇಷ್ಟು ತಿಳಿದ ಮೇಲೆ ಆ ಹಿರಿಯರ ಡಿಸ್ಕನ್ನು ಹೊಸದಾಗಿ ಮಾಡಿಕೊಟ್ಟೆ.

ನನ್ನ ಉದ್ಯೋಗವನ್ನು ನಿಜವಾಗಿ ಬದಲಿಸಿದ್ದು ಬಿಟ್‌ರೇಟ್‌ನ, ಅಂದರೆ ಒಂದು ಸೆಕೆಂಡಿನ ವಿಡಿಯೊಕ್ಕೆ ಎಷ್ಟು ಬಿಟ್ ಮಾಹಿತಿ ಸಿಗುತ್ತದೆ ಎಂಬುದರ ಲೆಕ್ಕ ಕಲಿಸಿದ ಪಾಠ. ಹಳ್ಳಿಯೊಂದರ ದೊಡ್ಡಾಟವನ್ನು ರಾತ್ರಿಯಿಡೀ ಚಿತ್ರೀಕರಿಸಿದ್ದೆ. ಎಡಿಟ್ ಮಾಡಿದ ಮೇಲೆ ಆರು ಗಂಟೆ ಉಳಿಯಿತು. ಖರ್ಚು ಕಡಿಮೆಯಾಗಲೆಂದು ಆಟದ ಮಂದಿ ಒಂದೇ ಡಿಸ್ಕ್‌ನಲ್ಲಿ ಹಾಕಿಕೊಡಿ ಎಂದರು, ಹಾಕಿಕೊಟ್ಟೆ. ಪಾತ್ರಧಾರಿಗಳ ಮುಖದ ಬಣ್ಣ, ಕಿರೀಟ, ಭುಜಕೀರ್ತಿಗಳೆಲ್ಲ ಚೌಕ ಚೌಕವಾಗಿ ಒಡೆದು ಕಾಣಿಸಿದವು. ಕುಣಿತ ಜೋರಾದಷ್ಟೂ ಚಿತ್ರ ಹೆಚ್ಚು ಒಡೆಯುತ್ತಿತ್ತು. ಕ್ಯಾಮೆರಾ ಹಳೆಯದಾಯಿತೆಂದು ನಾನು ಭಾವಿಸಿದ್ದೆ. ಪುಸ್ತಕ ಕಲಿಸಿದ ಲೆಕ್ಕ ಹೀಗಿದೆ: ಒಂದು ಪದರದ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ, ಅಂದರೆ 470 ಕೋಟಿ ಬೈಟ್. ಬೈಟಿಗೆ 8 ಬಿಟ್‌ನಂತೆ ಅದು 3,760 ಕೋಟಿ ಬಿಟ್ ಆಗುತ್ತದೆ. ಎರಡು ಗಂಟೆಗೆ 7,200 ಸೆಕೆಂಡ್‌ಗಳಾದ್ದರಿಂದ, ಎರಡು ಗಂಟೆಯ ವಿಡಿಯೊ ಹಾಕಿದರೆ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್ ಸಿಗುತ್ತದೆ; ಅದೇ ಡಿಸ್ಕ್‌ನಲ್ಲಿ ಆರು ಗಂಟೆ ತುಂಬಿದರೆ ಸೆಕೆಂಡಿಗೆ ಸಿಗುವುದು 17 ಲಕ್ಷ ಮಾತ್ರ. ಡಿವಿಡಿಯ ನಿಯಮದಂತೆ ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 98 ಲಕ್ಷ ಬಿಟ್‌ವರೆಗೆ ಕೊಡಬಹುದು ಎಂಬುದನ್ನು ನೆನೆದರೆ, ಆ ದೊಡ್ಡಾಟಕ್ಕೆ ನಾನು ಎಂಥ ಅನ್ಯಾಯ ಮಾಡಿದ್ದೆ ಎಂಬುದು ತಿಳಿಯುತ್ತದೆ. ಧ್ವನಿಯ ವಿಷಯವೂ ಇದರಲ್ಲಿಯೇ ಸೇರಿದೆ. ಕುಗ್ಗಿಸದೆ ಇಟ್ಟ ಸ್ಟೀರಿಯೊ ಧ್ವನಿಯೊಂದೇ ಸೆಕೆಂಡಿಗೆ 15 ಲಕ್ಷಕ್ಕೂ ಹೆಚ್ಚು ಬಿಟ್ ತಿನ್ನುತ್ತದೆ; ಅದನ್ನೇ ಡಾಲ್ಬಿ ಡಿಜಿಟಲ್ ಪದ್ಧತಿಯಲ್ಲಿ ಕುಗ್ಗಿಸಿದರೆ ಎರಡು ಲಕ್ಷದಷ್ಟರಲ್ಲಿ ಮುಗಿಯುತ್ತದೆ, ಉಳಿದದ್ದು ಚಿತ್ರಕ್ಕೆ ಒದಗುತ್ತದೆ. ಮುಂದಿನ ವರ್ಷದಿಂದ ದೊಡ್ಡಾಟಗಳನ್ನು ಮೂರು ಡಿಸ್ಕ್‌ಗಳಲ್ಲಿ ಮಾಡಿಕೊಡತೊಡಗಿದೆ. ಏಕೆ ಮೂರು ಬೇಕು ಎಂದು ಕೇಳಿದವರಿಗೆ ಈ ಗುಣಾಕಾರ ಭಾಗಾಕಾರವನ್ನು ಕಾಗದದ ಮೇಲೆ ಮಾಡಿ ತೋರಿಸಿದಾಗ ಯಾರೂ ತಕರಾರು ಮಾಡಲಿಲ್ಲ. ರೈತಾಪಿ ಜನರಿಗೆ ಹಂಚಿಕೆಯ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆ ಪುಸ್ತಕದ ಕೊರತೆಯನ್ನೂ ಹೇಳಬೇಕು. ನನ್ನ ಕೋರಿಕೆ ಹುಟ್ಟಿದ್ದೇ ಅಲ್ಲಿಂದ. ಅದು ಅಮೆರಿಕದ ಓದುಗರಿಗಾಗಿ ಬರೆದದ್ದು. ಅಲ್ಲಿಯ ಟಿವಿ ಪದ್ಧತಿ ಆಗ ಎನ್‌ಟಿಎಸ್‌ಸಿ, ನಮ್ಮದು ಪಾಲ್ ಆಗಿತ್ತು. ಡಿವಿಡಿಯಲ್ಲಿ ಅವರ ಚಿತ್ರದ ಅಳತೆ 720×480, ಸೆಕೆಂಡಿಗೆ 29.97 ಫ್ರೇಮ್ (ಬಿಡಿ ಚಿತ್ರ), ನಮ್ಮದು 720×576, ಸೆಕೆಂಡಿಗೆ 25 ಫ್ರೇಮ್. ಪುಸ್ತಕದ ಒಂದೊಂದು ಅಂಕಿಯನ್ನೂ ನಮ್ಮ ಪದ್ಧತಿಗೆ ಬದಲಿಸಿಕೊಳ್ಳಬೇಕಾಗಿತ್ತು. ಒಮ್ಮೆ ಮೆನುವಿನಲ್ಲಿ ವಧೂವರರ ಫೋಟೊವನ್ನು ದುಂಡಗಿನ ಚೌಕಟ್ಟಿನಲ್ಲಿ ಕೂರಿಸಿದೆ. ಕಂಪ್ಯೂಟರ್‌ನಲ್ಲಿ ಅದು ಸರಿಯಾದ ವೃತ್ತವಾಗಿತ್ತು, ಟಿವಿಯಲ್ಲಿ ಅಡ್ಡಕ್ಕೆ ಹಿಗ್ಗಿದ ಮೊಟ್ಟೆಯಂತಾಗಿ ಇಬ್ಬರ ಮುಖವೂ ಅಗಲವಾಗಿ ಕಂಡವು. ಕಂಪ್ಯೂಟರ್‌ನ ಪಿಕ್ಸೆಲ್ ಚೌಕ, ಟಿವಿಗಾಗಿ ಡಿವಿಡಿಯಲ್ಲಿ ಇಡುವ ಪಿಕ್ಸೆಲ್ ಚೌಕವಲ್ಲ, ಆದ್ದರಿಂದ ಚಿತ್ರವನ್ನು ಮೊದಲು ಪರದೆಯ 4:3 ಪ್ರಮಾಣದಲ್ಲಿ ಬರೆದು ಆಮೇಲೆ 720ಕ್ಕೆ ಒತ್ತಬೇಕು ಎಂದು ಪುಸ್ತಕ ಕಾರಣಸಹಿತ ವಿವರಿಸಿತ್ತು. ಅದರಲ್ಲಿದ್ದ ಅಂಕಿ ನನಗೆ ಉಪಯೋಗವಾಗುವಂತಿರಲಿಲ್ಲ, ಆದರೆ ಕಾರಣ ಉಪಯೋಗಕ್ಕೆ ಬಂದಿತು. ನಮ್ಮ 576ನ್ನು 4ರಿಂದ ಗುಣಿಸಿ 3ರಿಂದ ಭಾಗಿಸಿದರೆ 768 ಬರುತ್ತದೆ. 768×576 ಅಳತೆಯಲ್ಲಿ ಚಿತ್ರ ಮಾಡಿಕೊಂಡು 720×576ಕ್ಕೆ ಇಳಿಸಿದೆ; ವೃತ್ತ ವೃತ್ತವಾಗಿಯೇ ಉಳಿಯಿತು. ಬರೀ ‘ಇಷ್ಟು ಅಂಕಿ ಹಾಕಿ’ ಎಂದು ಬರೆದಿದ್ದ ಪುಸ್ತಕವಾಗಿದ್ದರೆ ಹಾವೇರಿಯಲ್ಲಿ ಕುಳಿತ ನಾನು ಅಲ್ಲಿಯೇ ನಿಂತುಬಿಡುತ್ತಿದ್ದೆ.

ಚಾಪ್ಟರ್‌ಗಳ ವಿಷಯದಲ್ಲಿಯೂ ಹಾಗೆಯೇ ಆಯಿತು. ಅರಿಷಿಣ, ಸುರಗಿ, ಅಕ್ಕಿಕಾಳು, ಹೆಣ್ಣು ಒಪ್ಪಿಸುವುದು ಎಂದು ಮದುವೆಯ ಶಾಸ್ತ್ರಗಳಿಗೆ ಒಂದೊಂದು ಚಾಪ್ಟರ್ ಇಟ್ಟರೆ ಮನೆಯವರು ರಿಮೋಟ್‌ನಿಂದ ನೇರವಾಗಿ ಬೇಕಾದಲ್ಲಿಗೆ ಹೋಗಬಹುದು. ಆದರೆ ನಾನು ಗುರುತು ಹಾಕಿದ ಫ್ರೇಮಿನಲ್ಲಿ ಅದು ನಿಲ್ಲದೆ ಅರ್ಧ ಸೆಕೆಂಡಿನಷ್ಟು ಆಚೀಚೆ ಸರಿಯುತ್ತಿತ್ತು. ವಿಡಿಯೊವನ್ನು ಕುಗ್ಗಿಸಿಡುವ ಡಿವಿಡಿಯ ಎಂಪೆಗ್-2 ಪದ್ಧತಿಯಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಇಟ್ಟಿರುವುದಿಲ್ಲ. ಸಾಮಾನ್ಯವಾಗಿ 12 ಫ್ರೇಮ್‌ಗೆ ಒಂದನ್ನು ಪೂರ್ತಿ ಇಟ್ಟು, ಉಳಿದವುಗಳಲ್ಲಿ ಬದಲಾದಷ್ಟನ್ನೇ ಬರೆದಿರುತ್ತದೆ. ಚಾಪ್ಟರ್ ಶುರುವಾಗುವುದು ಪೂರ್ತಿ ಇರುವ ಫ್ರೇಮಿನಲ್ಲಿ ಮಾತ್ರ. ಇದನ್ನು ಓದಿದ ಮೇಲೆ ವಿಡಿಯೊವನ್ನು ಎಂಪೆಗ್-2ಕ್ಕೆ ಪರಿವರ್ತಿಸುವ ಮೊದಲೇ, ಗುರುತಿದ್ದಲ್ಲಿ ಪೂರ್ತಿ ಫ್ರೇಮ್ ಬೀಳುವಂತೆ, ಗುರುತು ಹಾಕುವುದನ್ನು ರೂಢಿ ಮಾಡಿಕೊಂಡೆ.

ಇನ್ನು ಕೆಲವು ಸಂಗತಿಗಳನ್ನು ಆ ಪುಸ್ತಕ ಹೇಳಿಯೇ ಇರಲಿಲ್ಲ, ಹೇಳಬೇಕೆಂದು ಅವರಿಗೆ ತೋಚುವಂತೆಯೂ ಇರಲಿಲ್ಲ. ಡಿಸ್ಕ್ ಬರ್ನ್ ಆಗುತ್ತಿರುವಾಗ ಕರೆಂಟ್ ಹೋದರೆ ಒಮ್ಮೆ ಮಾತ್ರ ಬರೆಯಬಹುದಾದ ಆ ಡಿಸ್ಕ್ ಕೆಟ್ಟಂತೆಯೇ ಸರಿ. ಯುಪಿಎಸ್ ಕೊಳ್ಳುವ ಮುಂಚೆ ನಾನು ಹೀಗೆ ಕಳೆದುಕೊಂಡ ಡಿಸ್ಕ್‌ಗಳು ಹಲವು. ಮೊದಲು ಅಳಿಸಿ ಬರೆಯಬಹುದಾದ ಡಿಸ್ಕ್‌ನಲ್ಲಿ ಹಾಕಿ, ಗಿರಾಕಿಯ ಮನೆಯಲ್ಲಿರುವಂಥ ಅಗ್ಗದ ಪ್ಲೇಯರ್‌ನಲ್ಲಿಯೇ ಓಡಿಸಿ ನೋಡಬೇಕೆಂಬುದನ್ನು ಅನುಭವದಿಂದಲೇ ಕಲಿಯಬೇಕಾಯಿತು. ಇವೆಲ್ಲ ನಮ್ಮ ನೆಲದವರು ಬರೆದ ಪುಸ್ತಕದಲ್ಲಿ ಮೊದಲ ಪಾಠದಲ್ಲಿಯೇ ಇರುತ್ತಿದ್ದವು. ಆದ್ದರಿಂದಲೇ ಇಂಗ್ಲಿಷ್ ಪುಸ್ತಕವನ್ನು ಸಾಲು ಸಾಲಾಗಿ ಅನುವಾದಿಸಿಕೊಟ್ಟರೆ ನಮ್ಮ ಹುಡುಗರ ಕಷ್ಟ ತೀರದು ಎಂದು ನನ್ನ ಖಚಿತ ಅಭಿಪ್ರಾಯ.

ಡಿವಿಡಿಯ ಕಾಲವೇ ಮುಗಿಯಿತಲ್ಲ, ಈಗೇಕೆ ಈ ಮಾತು ಎಂದು ಓದುಗರು ಕೇಳಬಹುದು. ಗಿರಾಕಿಗಳು ಈಗ ಪೆನ್‌ಡ್ರೈವ್ ಕೇಳುತ್ತಾರೆ, ನಿಜ. ಆಪಲ್ ಕಂಪನಿ ತನ್ನ ಡಿವಿಡಿ ಸ್ಟುಡಿಯೊ ಪ್ರೊ ಸಾಫ್ಟ್‌ವೇರನ್ನು 2011ರಲ್ಲಿ ನಿಲ್ಲಿಸಿತು. ನಾನು ಕಲಿತ ಎನ್‌ಕೋರ್ ಕೂಡ ಸಿಎಸ್6 ಎಂಬ ಆವೃತ್ತಿಗೆ ಕೊನೆಯಾಯಿತು. ಆದರೂ ಆ ಪುಸ್ತಕ ಇಂದಿಗೂ ನನ್ನ ಮೇಜಿನ ಮೇಲಿದೆ. ನಮ್ಮ ಸುತ್ತಲಿನ ಮನೆಗಳ ಕಪಾಟುಗಳಲ್ಲಿ ಮದುವೆಯ, ತೀರಿಹೋದ ಹಿರಿಯರ, ಈಗ ಹಾಡಲಾರದ ಭಜನಾ ಮೇಳಗಳ ಡಿಸ್ಕ್‌ಗಳು ಉಳಿದಿವೆ. ಗೀರು ಬಿದ್ದ ಅವುಗಳನ್ನು ಹೊತ್ತು ಮಕ್ಕಳು ನನ್ನ ಅಂಗಡಿಗೆ ಬರುತ್ತಾರೆ. ಸೂಚನೆಯ ಕಡತ ಕೆಟ್ಟು ಪ್ಲೇಯರ್ ಕೈಬಿಟ್ಟ ಡಿಸ್ಕ್‌ನಲ್ಲಿಯೂ ವಿಒಬಿ ಕಡತಗಳು ಚೆನ್ನಾಗಿದ್ದರೆ ಚಿತ್ರವನ್ನು ಹೊರತೆಗೆದು ಉಳಿಸಬಹುದು ಎಂದು ನನಗೆ ಗೊತ್ತಿರುವುದು ಆ ಮೂರನೆಯ ಪಾಠದಿಂದ. ಡಿವಿಡಿ ಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರನ್ನು ನಾನು ಯಾವ ಪುಸ್ತಕವೂ ಇಲ್ಲದೆ ಕಲಿತದ್ದು ಎರಡೇ ದಿನಗಳಲ್ಲಿ. ಗುಂಡಿಗಳು ಬೇರೆಯಾಗಿದ್ದವು, ಕೆಲಸ ಅದೇ ಆಗಿತ್ತು.

ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗ, ನಮ್ಮದೇ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ, ಹಾಗೆಯೇ ಗದಗ, ಧಾರವಾಡ, ಹುಬ್ಬಳ್ಳಿಗಳ ಪ್ರಕಾಶಕರು ಇಂಥ ಕೈಕೆಲಸದ ಪುಸ್ತಕಗಳನ್ನು ಬರೆಸುವ ಬಗ್ಗೆ ಯೋಚಿಸಬೇಕೆಂದು ವಿನಂತಿಸುತ್ತೇನೆ. ಡಿವಿಡಿಯಿಂದಲೇ ಆರಂಭವಾಗಬೇಕೆಂದಿಲ್ಲ, ಹಳೆಯ ಕ್ಯಾಸೆಟ್ ಮತ್ತು ಡಿಸ್ಕ್‌ಗಳಿಂದ ವಿಡಿಯೊ ಉಳಿಸಿಕೊಳ್ಳುವುದು, ಧ್ವನಿಮುದ್ರಣ, ಎಡಿಟಿಂಗ್, ಇವು ಯಾವುದಾದರೂ ಆದೀತು. ಬರೆಯುವವರು ಒಂದು ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಓದುಗನ ಕೈಯಿಂದ ಮಾಡಿಸಬೇಕು, ಪ್ರತಿ ಹೆಜ್ಜೆಗೂ ಕಾರಣ ಹೇಳಬೇಕು, ಬಿಟ್‌ರೇಟ್, ಫ್ರೇಮ್, ಫೋಲ್ಡರ್ ಎಂಬ ಬಳಕೆಯ ಮಾತುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಯಾರೂ ಆಡದ ಪದವನ್ನು ಹೊಸದಾಗಿ ಕಟ್ಟಿದರೆ ಕಲಿಯುವವನಿಗೆ ನಿಘಂಟು ಎರಡನೆಯ ಸಲ ಬೇಕಾಗುತ್ತದೆ. ಗ್ರಂಥಾಲಯಗಳು ಕೂಡ, ಸಾಫ್ಟ್‌ವೇರ್ ಹಳತಾಯಿತೆಂಬ ಒಂದೇ ಕಾರಣಕ್ಕೆ ಇಂಥ ಪುಸ್ತಕಗಳನ್ನು ರದ್ದಿಗೆ ಹಾಕಬಾರದು.

ನಾನು ಕಲಿಯುವಾಗ ಬರೆದಿಟ್ಟ ನೋಟ್‌ಬುಕ್ 180 ಪುಟಗಳದ್ದು. ಬಿಟ್‌ರೇಟ್‌ನ ಕೋಷ್ಟಕ, ಪಾಲ್ ಪದ್ಧತಿಯ ಅಳತೆಗಳು, ನಾನು ಮಾಡಿದ ತಪ್ಪುಗಳು ಮತ್ತು ಅವುಗಳ ಕಾರಣಗಳು ಅದರಲ್ಲಿವೆ. ನನ್ನಲ್ಲಿ ಕೆಲಸಕ್ಕಿದ್ದು ಈಗ ತಮ್ಮದೇ ಸ್ಟುಡಿಯೊ ನಡೆಸುತ್ತಿರುವ ಮೂವರು ಹುಡುಗರು ಅದನ್ನು ನೋಡಿಯೇ ಕಲಿತರು. ಇಂಥ ಪುಸ್ತಕ ಬರೆಯಲು ಯಾರಾದರೂ ಮುಂದೆ ಬಂದರೆ ಅದರ ನೆರಳಚ್ಚು ಪ್ರತಿಯನ್ನು ಸಂತೋಷದಿಂದ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ವಿಡಿಯೊಗ್ರಾಫರ್, ಹಾವೇರಿ