ನವೆಂಬರ್ ಹರಾಜಿನಿಂದ ಏನು ಬದಲಾಗುತ್ತದೆ, ಯಾಕೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮಿಶಿಗನ್‌ನ ಪೋರ್ಟ್ ಹ್ಯೂರನ್‌ನಲ್ಲಿರುವ ನಮ್ಮ ಅಂಗಡಿ ಗ್ರೇಟ್ ಲೇಕ್ಸ್, ಅಂದರೆ ಅಮೆರಿಕ–ಕೆನಡಾ ಗಡಿಯ ದೊಡ್ಡ ಸರೋವರಗಳ, ಹಡಗುಗಳ ಹಳೆಯ ವಸ್ತು ಹರಾಜು ಹಾಕುವುದು ನಿಮಗೆ ಗೊತ್ತು. ಈ ನವೆಂಬರ್ ಹರಾಜಿನಿಂದ ಕೊಳ್ಳುವವರ ಪ್ರೀಮಿಯಂ, ಅಂದರೆ ಕೂಗಿದ ಬೆಲೆಯ ಮೇಲೆ ನೀವು ನಮಗೆ ಕೊಡುವ ಶುಲ್ಕ, ನೂರಕ್ಕೆ 15 ಇದ್ದದ್ದು 18 ಆಗುತ್ತದೆ. ಎಲ್ಲಿಂದ ಬಂತು ಅಂತ ಕಾಗದದಲ್ಲಿ ತೋರಿಸಲಾಗದ ವಸ್ತುವನ್ನು ಇನ್ನು ಹರಾಜಿಗೆ ಇಡುವುದಿಲ್ಲ. ವರ್ಷಕ್ಕೆ ನಾಲ್ಕು ಹರಾಜು ನಡೆಸುತ್ತಿದ್ದೆವು, ಇನ್ನು ಎರಡೇ. ಒಂದು ಮೇ ತಿಂಗಳಲ್ಲಿ, ಒಂದು ನವೆಂಬರ್‌ನಲ್ಲಿ.

ಇಂಗ್ಲಿಷ್ ಪತ್ರ ಎಲ್ಲರಿಗೂ ಹೋಗಿದೆ. ಆದರೆ ಟ್ರಾಯ್, ನೋವೈ, ಕ್ಯಾಂಟನ್ ಕಡೆಯ ನಮ್ಮವರು, ಕೆನಡಾದ ಮಿಸಿಸಾಗದವರು, ಮಂಗಳೂರಿನಲ್ಲಿ ಕೂತು ರಾತ್ರಿ ನಿದ್ದೆಗೆಟ್ಟು ಬಿಡ್ ಹಾಕುವ ಹಿರಿಯರು, ನಿಮಗೆಲ್ಲ ಮನೆಮಾತಿನಲ್ಲೇ ಹೇಳಬೇಕು ಅನ್ನಿಸಿತು. ಅಪ್ಪ ಗ್ಯಾರೇಜಿನಲ್ಲಿ ಶುರು ಮಾಡಿದ ಕಾಲದಿಂದ ನೀವು ಜೊತೆಗಿದ್ದೀರಿ. ಆ ಕಥೆ ಮತ್ತೆ ಹೇಳುವುದಿಲ್ಲ.

ಮೊದಲು ಕ್ಷಮೆ ಕೇಳಬೇಕು. ಕಳೆದ ಮೇ ಹರಾಜಿನ ದೀಪದ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತಾಗಿದೆ. ‘ಸಿಟಿ ಆಫ್ ಡೆಟ್ರಾಯ್ಟ್ III’ ಹಡಗಿನದು ಅಂತ ನಾವೇ ಬರೆದು ಮಾರಿದ ಹಿತ್ತಾಳೆ ದೀಪ ಅದು. ಕೊಂಡವರು ಮನೆಗೆ ಒಯ್ದು ಒರೆಸುವಾಗ ಬುಡದಲ್ಲಿ ಸ್ಟಾರ್ ಸ್ಕ್ರೂ ಕಂಡಿತು. ಆ ಹಡಗು ಕಟ್ಟಿದ್ದು 1912ರಲ್ಲಿ. ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಒಂದು ಸ್ಕ್ರೂ ಯಾವಾಗಲೋ ಬದಲಾಗಿರಬಹುದು, ರಿಪೇರಿ ಆಗಿರಬಹುದು. ಆದರೆ ಎಂಟೂ ಸ್ಕ್ರೂ ಹಾಗೇ ಇದ್ದವು. ದೀಪ ನಕಲಿ. ಹಡಗು ಒಡೆಯುವಾಗ ತಾತ ಕೊಂಡದ್ದು ಅಂತ ಮಾರಲು ತಂದವರು ಹೇಳಿದ್ದನ್ನು ನಾವು ಸುಮ್ನೆ ನಂಬಿದ್ದೆವು. ತಿರುಗಿಸಿ ನೋಡಲಿಲ್ಲ. ಕೊಂಡವರಿಗೆ ಸಾಗಣೆ ಖರ್ಚೂ ಸೇರಿಸಿ ಪೂರ್ತಿ ದುಡ್ಡು ವಾಪಸ್ ಕೊಟ್ಟೆವು. ಆದರೆ ಅಷ್ಟು ವರ್ಷ ನಮ್ಮ ಮಾತಿನ ಮೇಲೆ ಕೊಂಡವರು ಅವರು. ಫೋನಿನಲ್ಲಿ ಒಂದು ಗಡಸು ಮಾತೂ ಆಡಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಈ ಬದಲಾವಣೆ ಹುಟ್ಟಿದ್ದು ಅಲ್ಲಿಂದ. ಪ್ರೀಮಿಯಂ ಏರಿಕೆಯ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ಎರಡು ವರ್ಷದಿಂದ ಕೇಳುತ್ತಿರುವ ಒಂದು ದೂರಿಗೆ ಉತ್ತರ ಕೊಡಬೇಕು.

“ನಾನು ಕೂಗಿದ್ದು 400 ಡಾಲರ್‌ಗೆ. ಬಿಲ್ ಬಂದದ್ದು 583. ಉಳಿದದ್ದೆಲ್ಲ ಅಂಗಡಿಯವರು ನುಂಗಿದರು.”

ಈ ಮಾತನ್ನು ಎದುರಿಗೆ ಹೇಳಿದವರೂ ಇದ್ದಾರೆ, ದೇವಸ್ಥಾನದ ಊಟದ ಸಾಲಿನಲ್ಲಿ ಬೇರೆಯವರಿಗೆ ಹೇಳಿದವರೂ ಇದ್ದಾರೆ. ನಮ್ಮ ಕಿವಿಗೆ ಎರಡೂ ಬಿದ್ದಿವೆ. ಹಾಗಾಗಿ ಅದೇ ಬಿಲ್ಲನ್ನು ಇಲ್ಲಿ ಬಿಡಿಸಿ ಇಡುತ್ತೇವೆ. ವಸ್ತು: ಅದಿರು ಸಾಗಿಸುತ್ತಿದ್ದ ಹಡಗೊಂದರ ಲೈಫ್ ರಿಂಗ್, ಅಂದರೆ ನೀರಿಗೆ ಬಿದ್ದವರು ಹಿಡಿದು ತೇಲುವ ಬಳೆ. ಕೊಂಡವರು ನೋವೈಯವರು.

ಕೂಗು ನಿಂತದ್ದು 400ಕ್ಕೆ. ಹಳೆಯ ಲೆಕ್ಕದಲ್ಲಿ ಪ್ರೀಮಿಯಂ 60. ಎರಡೂ ಸೇರಿ 460. ಅದರ ಮೇಲೆ ಮಿಶಿಗನ್ ರಾಜ್ಯದ ತೆರಿಗೆ ನೂರಕ್ಕೆ 6, ಅಂದರೆ 27.60. ರಟ್ಟಿನ ಪೆಟ್ಟಿಗೆ, ಫೋಮ್, ಟೇಪ್ ಸೇರಿ 22. ಪಾರ್ಸೆಲ್ ಕಂಪನಿಗೆ 74. ಒಟ್ಟು 583.60.

ತೆರಿಗೆ ನಮ್ಮ ಕೈಯಲ್ಲಿ ನಿಲ್ಲುವುದಿಲ್ಲ, ಸರ್ಕಾರಕ್ಕೆ ಹೋಗುತ್ತದೆ. ಮೊದಲು ಹೊರರಾಜ್ಯದವರಿಗೆ ತೆರಿಗೆ ಹಾಕುತ್ತಿರಲಿಲ್ಲ, ಈಗ ಯಾಕೆ ಅಂತ ಓಹಾಯೋದವರು ಕೇಳುತ್ತಾರೆ. 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಜ್ಯದೊಳಗೆ ಅಂಗಡಿ ಇಲ್ಲದಿದ್ದರೂ ಅಲ್ಲಿಗೆ ಮಾರುವವರಿಂದ ತೆರಿಗೆ ವಸೂಲು ಮಾಡಿಸಬಹುದು ಅಂತ. ಆಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ಅದನ್ನು ಬರೆದಿಡುವುದೇ ನನ್ನ ಹೆಂಡತಿಗೆ ಪ್ರತಿ ತಿಂಗಳು ಎರಡು ದಿನದ ಕೆಲಸ.

ಇನ್ನು ಪಾರ್ಸೆಲ್. ಲೈಫ್ ರಿಂಗ್ ಹಗುರ, ಅಷ್ಟು ಯಾಕೆ ಆಗುತ್ತದೆ ಅಂತ ನಿಮಗೆ ಅನ್ನಿಸುವುದು ಸಹಜ. ನಮಗೂ ಅನ್ನಿಸುತ್ತಿತ್ತು. ಆದರೆ ಪಾರ್ಸೆಲ್ ಕಂಪನಿಗಳು ತೂಕ ಮಾತ್ರ ನೋಡುವುದಿಲ್ಲ, ಜಾಗವನ್ನೂ ನೋಡುತ್ತವೆ, ಯಾವ ಲೆಕ್ಕ ಜಾಸ್ತಿಯೋ ಅದನ್ನು ಹಿಡಿಯುತ್ತವೆ. 30 ಇಂಚಿನ ರಿಂಗ್‌ಗೆ 32 ಇಂಚು ಉದ್ದ, 32 ಅಗಲ, 7 ಎತ್ತರದ ಪೆಟ್ಟಿಗೆ ಬೇಕು. ಮೂರನ್ನೂ ಗುಣಿಸಿ 139ರಿಂದ ಭಾಗಿಸುತ್ತಾರೆ. 52 ಪೌಂಡ್ ಬರುತ್ತದೆ. ಒಳಗಿರುವ ರಿಂಗ್ ಹತ್ತು ಪೌಂಡೂ ಇಲ್ಲ, ಆದರೆ ನೀವು ದುಡ್ಡು ಕೊಡುವುದು 52 ಪೌಂಡಿಗೆ. ದೊಡ್ಡ ಪೆಟ್ಟಿಗೆ ಅಂತ ಮೇಲೊಂದು ಶುಲ್ಕ ಬೇರೆ. ಇದರಲ್ಲಿ ನಾವು ಒಂದು ಡಾಲರೂ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಪಾರ್ಸೆಲ್ ರಸೀದಿಯ ನಕಲು ಇನ್ನು ಮುಂದೆ ನಿಮ್ಮ ಬಿಲ್ಲಿನ ಜೊತೆಗೇ ಬರುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು. ಮಾಡಿದ್ದರೆ ಅರ್ಧ ಮಾತು ಹುಟ್ಟುತ್ತಲೇ ಇರಲಿಲ್ಲ.

ಎಂಜಿನ್ ರೂಮಿಗೆ ವೇಗದ ಸೂಚನೆ ಕೊಡುವ ಟೆಲಿಗ್ರಾಫ್, ಹಿತ್ತಾಳೆ ಸ್ಟೀಮ್ ಸೀಟಿ, ಚುಕ್ಕಾಣಿ ಚಕ್ರದಂಥ ಭಾರದ ವಸ್ತುಗಳದ್ದು ಇನ್ನೊಂದು ಕಥೆ. ರಟ್ಟು ತಡೆಯುವುದಿಲ್ಲ, ಮರದ ಪೆಟ್ಟಿಗೆ ಹೊಡೆಸಬೇಕು. ಭಾರತಕ್ಕೆ ಹೋಗುವುದಾದರೆ ಮರವನ್ನು ಹುಳ ಸಾಯುವಷ್ಟು ಬಿಸಿ ಮಾಡಿರಬೇಕು, ಅದರ ಮುದ್ರೆ ಹಲಗೆಯ ಮೇಲೆ ಇರಬೇಕು. ಇಲ್ಲದಿದ್ದರೆ ಬಂದರಿನಲ್ಲೇ ನಿಲ್ಲಿಸುತ್ತಾರೆ. ಮಂಗಳೂರಿನ ಚೀಫ್ ಎಂಜಿನಿಯರ್ ಸಾಹೇಬರಿಗೆ ಸೀಟಿ ಕಳಿಸಿದಾಗ ಸೀಟಿಗಿಂತ ಪೆಟ್ಟಿಗೆಗೇ ಜಾಸ್ತಿ ದಿನ ಹಿಡಿಯಿತು. ಸಾಹೇಬರೇ, ನೀವು ಕಾದಿರಿ. ಗೋಧಿ ತುಂಬಲು ಡುಲೂತ್‌ಗೆ ಬಂದಾಗ ಕೇಳಿದ್ದ ಸೀಟಿಯ ದನಿ ಇದು ಅಂತ ನೀವು ಬರೆದ ಸಾಲು ಅಂಗಡಿಯ ಗೋಡೆ ಮೇಲಿದೆ.

ಈಗ ಉಳಿದ 60 ಡಾಲರ್. ಅದು ನಮ್ಮ ಕೈಗೆ ಬಂದದ್ದು, ಮುಚ್ಚಿಡುವುದೇನಿಲ್ಲ. ಅದರಲ್ಲಿ 20 ಆನ್‌ಲೈನ್ ಬಿಡ್ ನಡೆಸುವ ಕಂಪನಿಗೆ ಹೋಯಿತು. ಕ್ರೆಡಿಟ್ ಕಾರ್ಡಿನವರು ಪೂರ್ತಿ ಬಿಲ್ಲಿನ ಮೇಲೆ ನೂರಕ್ಕೆ ಮೂರು ಹಿಡಿದರು, ಹದಿನೇಳೂವರೆ ಡಾಲರ್. ತೆರಿಗೆಯ ಮೇಲೂ, ಪಾರ್ಸೆಲ್ ದುಡ್ಡಿನ ಮೇಲೂ ಕಾರ್ಡಿನ ಶುಲ್ಕ ಕೊಡುವವರು ನಾವೇ ಅಲ್ವಾ? ಕೊನೆಗೆ ಉಳಿದದ್ದು ಇಪ್ಪತ್ತೆರಡೂವರೆ. ಮಾರುವವರಿಂದಲೂ ಕಮಿಷನ್ ಬರುತ್ತದೆ, ಹೌದು. ಅದರಲ್ಲಿ ಬಾಡಿಗೆ, ವಿಮೆ, ಇಬ್ಬರು ಹುಡುಗರ ಸಂಬಳ ನಡೆಯುತ್ತದೆ. ನಾವು ಬಡವರು ಅಂತ ಹೇಳುತ್ತಿಲ್ಲ. ನುಂಗಿದರು ಅನ್ನುವ ಮಾತು ಸರಿಯಲ್ಲ ಅಂತ ಮಾತ್ರ ಹೇಳುತ್ತಿದ್ದೇವೆ.

ಹೊಸ ಲೆಕ್ಕದಲ್ಲಿ ಅದೇ ರಿಂಗ್‌ಗೆ ಪ್ರೀಮಿಯಂ 72 ಆಗುತ್ತದೆ. ತೆರಿಗೆಯೂ ಸೇರಿ ನಿಮಗೆ ಬೀಳುವ ಹೆಚ್ಚಿನ ಹೊರೆ 12 ಡಾಲರ್ 72 ಸೆಂಟ್.

ಆ 12 ಡಾಲರ್ ಯಾವುದಕ್ಕೆ? ವಸ್ತುವಿನ ಹುಟ್ಟು ಹುಡುಕುವುದಕ್ಕೆ. ಇಲ್ಲಿನ ಪ್ರತಿ ಹಡಗಿಗೂ ಸರ್ಕಾರ ಕೊಟ್ಟ ಒಂದು ಸಂಖ್ಯೆ ಇರುತ್ತದೆ. ಹೆಸರು ಮೂರು ಸಲ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ನೇಮ್ ಬೋರ್ಡ್ ಬಂದರೆ ಆ ಹೆಸರಿನ ಹಡಗು ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಅಂತ ನೋಡಬೇಕು, ಹಳೆಯ ಫೋಟೋದಲ್ಲಿ ಅಕ್ಷರದ ಆಕಾರ ಹೋಲಿಸಬೇಕು. ಅದಕ್ಕೆ ಓಹಾಯೋದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ಗ್ರೇಟ್ ಲೇಕ್ಸ್‌ನ ದೊಡ್ಡ ದಾಖಲೆ ಸಂಗ್ರಹ ಇದೆ. ಮಿಲ್ವಾಕಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಇನ್ನೊಂದು. ಇನ್ನು ಮುಂದೆ ನಮ್ಮ ಹುಡುಗರಲ್ಲಿ ಒಬ್ಬನಿಗೆ ಇದೇ ಕೆಲಸ. ಹರಾಜು ನಾಲ್ಕರಿಂದ ಎರಡಕ್ಕೆ ಇಳಿಸಿದ್ದೂ ಇದಕ್ಕೇ. ಮೂರು ತಿಂಗಳಲ್ಲಿ ಮುನ್ನೂರು ವಸ್ತುವನ್ನು ಒಂದೊಂದಾಗಿ ನೋಡಲು ಆಗುವುದಿಲ್ಲ. ಮೇ ತಿಂಗಳ ದೀಪ ಅದನ್ನು ಕಲಿಸಿತು.

ಕೆನಡಾ ಕಡೆಯಿಂದ ಮಾರಲು ಕಳಿಸುವವರಿಗೂ ಒಂದು ಮಾತು. 2025ರ ಆಗಸ್ಟ್ ಕೊನೆಯಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕದ ವಿನಾಯಿತಿ ಹೋಯಿತು. ಒಂದು ಪಿಂಗಾಣಿ ಬಟ್ಟಲು ಬಂದರೂ ಈಗ ಕಸ್ಟಮ್ಸ್ ಕಾಗದ ಬೇಕು. ನಾವು ಬೇಕೆಂದೇ ತಡ ಮಾಡುತ್ತಿಲ್ಲ.

ಇನ್ನು ಎಡ್ಮಂಡ್ ಫಿಟ್ಜೆರಾಲ್ಡ್. 2025ರ ನವೆಂಬರ್ 10ಕ್ಕೆ ಆ ಅದಿರು ಹಡಗು ಲೇಕ್ ಸುಪೀರಿಯರ್‌ನಲ್ಲಿ ಮುಳುಗಿ 50 ವರ್ಷ ತುಂಬಿತು. ಆ ವರ್ಷ ನಮ್ಮ ಅಂಗಡಿಗೆ ‘ಫಿಟ್ಜೆರಾಲ್ಡ್‌ನ ಲೈಫ್ ರಿಂಗ್’ ಅಂತ ಏಳು ಬಂದವು. ಏಳನ್ನೂ ವಾಪಸ್ ಕಳಿಸಿದೆವು. ಆ ಹೆಸರು ಬರೆದ ಹೊಸ ರಿಂಗ್‌ಗಳನ್ನು ನೆನಪಿನ ವಸ್ತುವಾಗಿ ಅಂಗಡಿಗಳಲ್ಲಿ ಮಾರುತ್ತಾರೆ. ಅದು ತಪ್ಪಲ್ಲ. ಅದನ್ನು ಬಿಸಿಲಿಗೆ ಒಣಗಿಸಿ, ಮಣ್ಣು ಹಚ್ಚಿ, ನಿಜವಾದದ್ದು ಅಂತ ತರುವುದು ತಪ್ಪು. ಅವತ್ತು ಹಡಗಿನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನೀರಿನ ಮೇಲೆ ಸಿಕ್ಕ ಲೈಫ್‌ಬೋಟ್‌ಗಳು ಸೂ ಸೇಂಟ್ ಮೇರಿಯಲ್ಲಿ ವ್ಯಾಲಿ ಕ್ಯಾಂಪ್ ಮ್ಯೂಸಿಯಂ ಹಡಗಿನಲ್ಲಿವೆ. ಸತ್ತವರ ಮನೆಯವರ ಇಷ್ಟದಂತೆ 1995ರಲ್ಲಿ ಮುಳುಗಿದ ಹಡಗಿನ ಗಂಟೆಯನ್ನು ಮೇಲೆತ್ತಿ, ಅದರ ಜಾಗದಲ್ಲಿ 29 ಹೆಸರು ಕೆತ್ತಿದ ಇನ್ನೊಂದು ಗಂಟೆ ಇಟ್ಟು ಬಂದರು. ಆ ಹಳೆಯ ಗಂಟೆ ವೈಟ್‌ಫಿಶ್ ಪಾಯಿಂಟ್‌ನ ಮ್ಯೂಸಿಯಂನಲ್ಲಿದೆ. 1974ರಲ್ಲಿ ಡೆಟ್ರಾಯ್ಟ್ ನದಿಯಲ್ಲಿ ಕಳೆದುಹೋಗಿ 1992ರಲ್ಲಿ ಸಿಕ್ಕ ಅದೇ ಹಡಗಿನ ಲಂಗರು ಬೆಲ್ ಐಲ್‌ನ ಡಾಸಿನ್ ಮ್ಯೂಸಿಯಂ ಮುಂದಿದೆ. ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. 1958ರಲ್ಲಿ ಆ ಹಡಗನ್ನು ನೀರಿಗಿಳಿಸಿದ ಕಾಲದ ಫೋಟೋ, ಆಹ್ವಾನ ಪತ್ರ ಇದ್ದರೆ ನಮಗೆ ತನ್ನಿ, ಸಂತೋಷದಿಂದ ಮಾರಿಕೊಡುತ್ತೇವೆ. ಅದು ಬದುಕಿದ್ದ ಹಡಗಿನ ಕಾಗದ.

ಮುಳುಗಿದ ಹಡಗಿನಿಂದ ಡೈವ್ ಮಾಡಿ ತೆಗೆದ ವಸ್ತುವನ್ನು ಬೇರೆಯವರು ಮಾರುತ್ತಾರಲ್ಲ ಅಂತ ಕೆಲವರು ಕೇಳುತ್ತಾರೆ. ಅಮೆರಿಕದ 1987ರ ಕಾನೂನಿನ ಪ್ರಕಾರ ವಾರಸುದಾರರಿಲ್ಲದೆ ಸರೋವರದ ತಳದಲ್ಲಿ ಹುದುಗಿದ ಹಡಗು ಆಯಾ ರಾಜ್ಯದ ಸ್ವತ್ತು. ಅದರ ಕಿಟಕಿ ಬಿಚ್ಚಿ ತರುವುದು ಕಳ್ಳತನ. ನಾವು ಮಾರುವುದಿಲ್ಲ, ಇದರಲ್ಲಿ ಮಾತುಕತೆ ಇಲ್ಲ.

ಕಾಗದ ಇದ್ದರೆ ಏನಾಗುತ್ತದೆ ಅಂತ ಒಂದು ಉದಾಹರಣೆ. ನವೆಂಬರ್ ಹರಾಜಿನಲ್ಲಿ ‘ಸೀಆಂಡ್‌ಬೀ’ ಹಡಗಿನ ಒಂದು ಊಟದ ತಟ್ಟೆ ಬರುತ್ತಿದೆ. ಕ್ಲೀವ್‌ಲ್ಯಾಂಡ್–ಬಫಲೋ ನಡುವೆ ಓಡುತ್ತಿದ್ದ, ಪಕ್ಕದಲ್ಲಿ ದೊಡ್ಡ ಚಕ್ರಗಳಿದ್ದ ಪ್ರಯಾಣಿಕರ ಹಡಗು ಅದು. 1942ರಲ್ಲಿ ನೌಕಾಪಡೆ ಅದನ್ನು ಕೊಂಡು, ಮೇಲಿನದೆಲ್ಲ ಕಿತ್ತು, ವಿಮಾನ ಇಳಿಸುವ ಹಲಗೆ ಹಾಸಿತು. ಹೆಸರು ವುಲ್ವರೀನ್ ಆಯಿತು. ಶಿಕಾಗೋ ಹತ್ತಿರ ಲೇಕ್ ಮಿಶಿಗನ್‌ನಲ್ಲಿ ಸಾವಿರಾರು ಪೈಲಟ್‌ಗಳು ಅದರ ಮೇಲೆ, ಅದರ ಜೊತೆಗಾರ ಸೇಬಲ್‌ನ ಮೇಲೆ ಇಳಿಯುವುದು ಕಲಿತರು. ಈ ತಟ್ಟೆಯ ಜೊತೆ ಒಂದು ಕಾಗದ ಇದೆ. ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು ತಂಗಿಗೆ ಬರೆದದ್ದು. ತಟ್ಟೆ ಹೇಗೆ ಮನೆಗೆ ಬಂತು ಅಂತ ಅದರಲ್ಲೇ ಇದೆ. ಅದನ್ನು ಓದಿದ ದಿನ ನಾವು ಅಂಗಡಿ ಮುಚ್ಚುವುದೇ ಮರೆತೆವು.

ಬದಲಾಗದ್ದೂ ಇದೆ. ಫೋನಿನಲ್ಲಿ ಬಿಡ್ ಹಾಕುವ ಹಿರಿಯರಿಗೆ ನಾನೇ ಫೋನ್ ಮಾಡುತ್ತೇನೆ, ಯಾವ ಯಂತ್ರವೂ ಮಾತಾಡುವುದಿಲ್ಲ. ನಾವು ಬರೆದದ್ದು ತಪ್ಪು ಅಂತ ಸಾಬೀತಾದರೆ ಎಷ್ಟೇ ವರ್ಷ ಆದರೂ ದುಡ್ಡು ವಾಪಸ್. ಹೊಸದೊಂದೂ ಇದೆ: ಪಾರ್ಸೆಲ್ ಖರ್ಚು ಉಳಿಸಲು ಇನ್ನು ಮುಂದೆ ಹರಾಜು ಮುಗಿದ ಎರಡನೇ ಶನಿವಾರ ನಮ್ಮ ವ್ಯಾನ್‌ನಲ್ಲೇ ಟ್ರಾಯ್, ನೋವೈ, ಕ್ಯಾಂಟನ್‌ಗೆ ತಂದುಕೊಡುತ್ತೇವೆ, ಶುಲ್ಕ ಇಲ್ಲ. ಮಿಸಿಸಾಗದವರು ಸಾರ್ನಿಯಾ ಸೇತುವೆ ದಾಟಿ ಬಂದರೆ ಕಾಫಿ ಕುಡಿದು, ನದಿಯಲ್ಲಿ ಹಡಗು ಹೋಗುವುದು ನೋಡಿಕೊಂಡು ಹೋಗಬಹುದು.

ಒಂದು ಕೋರಿಕೆ. ನಮ್ಮಿಂದ ಹಿಂದೆ ಕೊಂಡ ವಸ್ತುವಿನ ಬಗ್ಗೆ ಈಗ ಯಾರಿಗಾದರೂ ಅನುಮಾನ ಬಂದಿದ್ದರೆ ಸಂಕೋಚ ಬೇಡ. ಬುಡದ, ಹಿಂಭಾಗದ, ಸ್ಕ್ರೂಗಳ ಫೋಟೋ ತೆಗೆದು ಕಳಿಸಿ. ಹಳೆಯ ರಸೀದಿ, ಅದರ ಜೊತೆ ಬಂದ ಚೀಟಿ ಏನಿದ್ದರೂ ಎಸೆಯಬೇಡಿ. ಅಕ್ಟೋಬರ್ ಮುಗಿಯುವುದರೊಳಗೆ ಬಂದದ್ದನ್ನೆಲ್ಲ ನೋಡಿ, ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇವೆ.

ನಿಮ್ಮ,
ಪೋರ್ಟ್ ಹ್ಯೂರನ್ ಅಂಗಡಿಯ ಗಂಡ ಹೆಂಡತಿ